ಕೀಲಿ ಬಿಚ್ಚಿಟ್ಟು ಬಾಗಿಲು ಪರೀಕ್ಷೆ ಮಾಡುವವರಿಗೆ

ಹೋದ ತಿಂಗಳು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಚಹಾ ಕುಡಿಯುತ್ತ ನಿಂತಿದ್ದಾಗ ಹಳೆಯ ಗೆಳೆಯನೊಬ್ಬ ಸಿಕ್ಕ. ಅವನು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡುತ್ತಾನೆ. ಸಾಲ, ಠೇವಣಿ ಲೆಕ್ಕ ಇಡುವ ಒಂದು ಸೊಸೈಟಿಗೆ ಅವನ ಕಂಪನಿ ವೆಬ್‌ಸೈಟ್ ಮಾಡಿಕೊಟ್ಟಿದೆ. ಕೆಲಸ ಹೇಗೆ ನಡೆದಿದೆ ಎಂದು ಕೇಳಿದೆ.

"ಟೆಸ್ಟಿಂಗ್ ಟೈಮಿಗೆ ಆ ಟೋಕನ್ ಅಡ್ಡ ಬರ್ತಿತ್ತಲೇ. ತಗದ್ ಒಗದ್ವಿ. ಆಮ್ಯಾಲೆ ಎಲ್ಲಾ ಟೆಸ್ಟ್ ಪಾಸ್."

"ತಿರುಗಿ ಹಾಕಿದ್ರೇನು ಮತ್ತ?"

"ಹಾಕಿರಬೇಕು ತಗೋ."

ಆ "ಹಾಕಿರಬೇಕು ತಗೋ" ಎಂಬ ಮಾತಿನ ಮೇಲೆಯೇ ಈ ಬರಹ. ಇದು ಇಂಜಿನಿಯರುಗಳ ವಿಷಯ, ನಮಗೇನು ಸಂಬಂಧ ಎಂದು ಬೆರಳಿನಿಂದ ಪರದೆ ಮೇಲಕ್ಕೆ ಸರಿಸಬೇಡಿ. ನಿಮ್ಮ ಪಹಣಿ, ಬೆಳೆ ವಿಮೆ, ಪಿಂಚಣಿ, ಸೊಸೈಟಿ ಸಾಲ ಎಲ್ಲವೂ ಈಗ ಯಾವುದೋ ಒಂದು ವೆಬ್‌ಸೈಟಿನ ಫಾರ್ಮಿನಲ್ಲೇ ಕೂತಿವೆ. ಆ ಫಾರ್ಮಿಗೆ ಕೀಲಿ ಇದೆಯೋ ಇಲ್ಲವೋ ಎಂದು ಕೇಳುವ ಹಕ್ಕು ನಿಮಗೂ ಇದೆ, ನನ್ನಂಥ ಸ್ಟ್ರಿಂಗರ್‌ಗೂ ಇದೆ.

ಮೊದಲು ಟೋಕನ್ ಅಂದರೆ ಏನು ಎಂಬುದು. ನಿಮ್ಮೂರಿನ ಕಿರಾಣಿ ಅಂಗಡಿಯಲ್ಲಿ ನಿಮ್ಮ ಉದ್ರಿ ಲೆಕ್ಕ ಇದೆ ಅಂದುಕೊಳ್ಳಿ. ನಿಮ್ಮ ಮನೆಯ ಆಳಿನ ಮುಖ ಶೆಟ್ಟರಿಗೆ ಗೊತ್ತು. ಅವನು ಚೀಟಿ ತಂದು ಕೊಟ್ಟರೆ ಸಾಮಾನು ಕೊಟ್ಟು ನಿಮ್ಮ ಹೆಸರಿಗೆ ಬರೆದುಕೊಳ್ಳುತ್ತಾರೆ. ಆಳು ಪಾಪ ಒಳ್ಳೆಯವನು, ಆದರೆ ಅವನಿಗೆ ಓದಲು ಬರುವುದಿಲ್ಲ. ದಾರಿಯಲ್ಲಿ ಯಾರೋ ಒಬ್ಬ, "ಗೌಡರು ಇದನ್ನ ಅಂಗಡಿಗೆ ಕೊಡು ಅಂದಾರ" ಎಂದು ಬೇರೆ ಚೀಟಿ ಕೈಗಿಡುತ್ತಾನೆ. ಅದರಲ್ಲಿ ಹತ್ತು ಕಿಲೋ ಸಕ್ಕರೆಯನ್ನು ಇಂಥವರ ಮನೆಗೆ ಕಳಿಸಿ ಎಂದಿದೆ. ಆಳು ಕೊಟ್ಟ, ಶೆಟ್ಟರು ಮುಖ ನೋಡಿ ನಂಬಿದರು, ಸಕ್ಕರೆ ಹೋಯಿತು, ಲೆಕ್ಕ ನಿಮ್ಮ ಹೆಸರಿಗೆ ಬಿತ್ತು. ಇಲ್ಲಿ ಕಳ್ಳ ಆಳೂ ಅಲ್ಲ, ಶೆಟ್ಟರೂ ಅಲ್ಲ. ಯಾರೂ ಬೀಗ ಮುರಿದಿಲ್ಲ.

ಆ ಆಳು ಅಂದರೆ ನಿಮ್ಮ ಬ್ರೌಸರ್. ಅವನ ಮುಖದ ಗುರುತು ಅಂದರೆ ಕುಕಿ ಎಂಬ ಚಿಕ್ಕ ಗುರುತಿನ ಪಟ್ಟಿ. ನೀವು ಒಮ್ಮೆ ಲಾಗಿನ್ ಆದರೆ ಸಾಕು, ಆಮೇಲೆ ಆ ಸೈಟಿಗೆ ಹೋಗುವ ಪ್ರತಿ ಕೋರಿಕೆಯ ಜೊತೆ ಬ್ರೌಸರ್ ಆ ಕುಕಿಯನ್ನು ತಾನಾಗಿಯೇ ಒಯ್ಯುತ್ತದೆ. ಕೋರಿಕೆ ನೀವು ಒತ್ತಿದ ಗುಂಡಿಯಿಂದ ಹೊರಟಿತೋ, ಪಕ್ಕದ ಟ್ಯಾಬಿನಲ್ಲಿ ತೆರೆದ ಯಾವುದೋ ಲಿಂಕಿನಿಂದ ಹೊರಟಿತೋ ಎಂಬುದನ್ನು ಕುಕಿ ಒಂದರಿಂದಲೇ ಸೈಟಿಗೆ ತಿಳಿಯುವುದಿಲ್ಲ. ಇದಕ್ಕೆ ಕ್ರಾಸ್ ಸೈಟ್ ರಿಕ್ವೆಸ್ಟ್ ಫೋರ್ಜರಿ, ಚಿಕ್ಕದಾಗಿ ಸಿಎಸ್‌ಆರ್‌ಎಫ್ ಎನ್ನುತ್ತಾರೆ. ಒಂದು ಸೈಟಿನಲ್ಲಿ ಕೂತು ಇನ್ನೊಂದು ಸೈಟಿಗೆ ನಿಮ್ಮ ಹೆಸರಿನ ಖೊಟ್ಟಿ ಅರ್ಜಿ ಕಳಿಸುವುದು.

ಇದಕ್ಕೆ ಮದ್ದು ಸರಳ. ಹಿಂದೆ ಬ್ಯಾಂಕಿನಲ್ಲಿ ಹಣ ತೆಗೆಯುವ ಚೀಟಿ ಕೊಟ್ಟರೆ ಹಿತ್ತಾಳೆ ಬಿಲ್ಲೆ ಕೊಡುತ್ತಿದ್ದರು, ನೆನಪಿದೆಯೇ? ಕ್ಯಾಶಿಯರ್ ನಂಬರ್ ಕೂಗಿದಾಗ ಬಿಲ್ಲೆ ಇದ್ದವನಿಗೆ ಮಾತ್ರ ಹಣ. ಅದೇ ಕೆಲಸ ಇಲ್ಲಿ. ಸೈಟು ನಿಮಗೆ ಫಾರ್ಮ್ ತೋರಿಸುವಾಗ ಯಾರೂ ಊಹಿಸಲಾಗದ ಒಂದು ಉದ್ದ ಸಂಖ್ಯೆಯನ್ನು ಅದರೊಳಗೆ ಅಡಗಿಸಿ ಕೊಡುತ್ತದೆ. ನೀವು ಸಬ್ಮಿಟ್ ಒತ್ತಿದಾಗ ಆ ಸಂಖ್ಯೆ ವಾಪಸ್ ಹೋಗುತ್ತದೆ, ಸೈಟು ತಾಳೆ ನೋಡುತ್ತದೆ. ದಾರಿಯಲ್ಲಿ ಚೀಟಿ ತುರುಕಿದವನಿಗೆ ಆಳನ್ನು ಓಡಿಸಲು ಬರುತ್ತದೆ, ಆದರೆ ಬಿಲ್ಲೆಯ ನಂಬರ್ ನೋಡಲು ಬರುವುದಿಲ್ಲ. ಬಿಲ್ಲೆ ಇಲ್ಲದ ಅರ್ಜಿಯನ್ನು ಸೈಟು ಬಾಗಿಲಲ್ಲೇ ತಡೆಯುತ್ತದೆ. ಕೆಲವು ಕಡೆ ಅದಕ್ಕೆ 403 ಎಂಬ ಸಂಖ್ಯೆ ಬರುತ್ತದೆ, ಅಂದರೆ ಪ್ರವೇಶ ಇಲ್ಲ.

ಒಟಿಪಿ ಇದೆಯಲ್ಲ ಎನ್ನುತ್ತೀರಿ. ಒಟಿಪಿ, ಬೆರಳಚ್ಚು ಬಹುತೇಕ ಒಳಗೆ ಬರುವಾಗ ಕೇಳುವವು. ಈ ಖೊಟ್ಟಿ ಅರ್ಜಿ ಹೊರಡುವುದು ನೀವು ಒಳಗೆ ಬಂದ ಮೇಲೆ. ಪ್ರತಿ ಬದಲಾವಣೆಗೂ ಹೊಸ ಒಟಿಪಿ ಕೇಳುವ ಸೈಟಾದರೆ ಮಾತು ಬೇರೆ. ಎಲ್ಲ ಫಾರ್ಮುಗಳೂ ಹಾಗೆ ಕೇಳುವುದಿಲ್ಲ ಎಂಬುದು ನಿಮಗೇ ಗೊತ್ತು.

ಈಗ ನಮ್ಮ ಹಳ್ಳಿಯ ಸೇವಾ ಕೇಂದ್ರಕ್ಕೆ ಬನ್ನಿ. ನವಲಗುಂದ, ಕುಂದಗೋಳ, ಕಲಘಟಗಿ ಕಡೆ ವರದಿಗೆ ಹೋದಾಗ ನಾನು ಎಷ್ಟೋ ಹೊತ್ತು ಇಂಥ ಕೇಂದ್ರಗಳ ಬಾಕಿನ ಮೇಲೆ ಕೂತಿದ್ದೇನೆ. ಆಪರೇಟರ್ ಬೆಳಿಗ್ಗೆ ಲಾಗಿನ್ ಆದರೆ ಸಂಜೆಯವರೆಗೆ ಅದೇ ಲಾಗಿನ್. ಒಂದು ಟ್ಯಾಬಿನಲ್ಲಿ ಅರ್ಜಿ, ಇನ್ನೊಂದರಲ್ಲಿ ವಾಟ್ಸಾಪ್ ವೆಬ್, ಮತ್ತೊಂದರಲ್ಲಿ ನೌಕರಿ ಸುದ್ದಿಯ ಲಿಂಕ್, ಯಾರೋ ಹುಡುಗ ಫಲಿತಾಂಶ ನೋಡಲು ತೆರೆದು ಬಿಟ್ಟುಹೋದ ಜಾಹೀರಾತು ತುಂಬಿದ ಪುಟ. ಮುಂದೆ ಹತ್ತು ಜನ ಸರದಿಯಲ್ಲಿ ನಿಂತಿರುವಾಗ ಪ್ರತಿ ಸಲ ಲಾಗೌಟ್ ಆಗು ಎಂದು ಆ ಹುಡುಗನಿಗೆ ಬೈಯುವುದು ಅನ್ಯಾಯ. ಸರ್ವರ್ ಒಮ್ಮೆ ಹೋದರೆ ಅರ್ಧ ದಿನ ಬರದ ಊರಿನಲ್ಲಿ ಲಾಗೌಟ್ ಆಗುವ ಧೈರ್ಯ ಯಾರಿಗಿದೆ? ಆ ಒಂದು ಬ್ರೌಸರ್ ಇಡೀ ಊರಿನ ಆಳು. ಮನೆಯಲ್ಲಿ ಕೂತ ನಿಮ್ಮ ಮೊಬೈಲಿಗೆ ಖೊಟ್ಟಿ ಚೀಟಿ ತುರುಕಿದರೆ ಒಂದು ಖಾತೆಗೆ ಪೆಟ್ಟು. ಅಲ್ಲಿ ತುರುಕಿದರೆ ಆ ಲಾಗಿನ್‌ಗೆ ಯಾವ ಯಾವ ಅಧಿಕಾರ ಇದೆಯೋ ಅಷ್ಟಕ್ಕೂ ಪೆಟ್ಟು. ಪಟ್ಟಣದ ಬಳಕೆದಾರನಿಗಿಂತ ಹಳ್ಳಿಯವನಿಗೆ ಈ ಬಿಲ್ಲೆ ಹೆಚ್ಚು ಬೇಕು.

ಇನ್ನು ಜಗಳಕ್ಕೆ ಬರುತ್ತೇನೆ.

ವೆಬ್‌ಸೈಟ್ ಕಟ್ಟಲು ಇಂದು ಯಾರೂ ಮೊದಲಿನಿಂದ ಬರೆಯುವುದಿಲ್ಲ. ರೈಲ್ಸ್, ಜ್ಯಾಂಗೋ, ಲಾರಾವೆಲ್ ಎಂಬ ಸಿದ್ಧ ಚೌಕಟ್ಟುಗಳಿವೆ. ಮೂರರಲ್ಲೂ ಈ ಟೋಕನ್ ಕೀಲಿ ಮೊದಲೇ ಇದೆ, ಒಳ್ಳೆಯದೇ. ಆದರೆ ಪರೀಕ್ಷೆ ನಡೆಸುವ ಹೊತ್ತಿಗೆ ಮೂರೂ ತಾವಾಗಿಯೇ ಆ ಕೀಲಿ ಬಿಚ್ಚಿಡುತ್ತವೆ. ರೈಲ್ಸ್‌ನಲ್ಲಿ ಹೊಸ ಪ್ರಾಜೆಕ್ಟ್ ಶುರು ಮಾಡಿದ ಕೂಡಲೇ ಟೆಸ್ಟ್ ಸೆಟ್ಟಿಂಗ್ ಕಡತದಲ್ಲಿ ಫೋರ್ಜರಿ ರಕ್ಷಣೆ "ಫಾಲ್ಸ್" ಎಂದು ಬರೆದೇ ಬರುತ್ತದೆ. ಜ್ಯಾಂಗೋದ ಟೆಸ್ಟ್ ಕ್ಲೈಂಟ್ ಟೋಕನ್ ತಪಾಸಣೆಯನ್ನು ಬಿಟ್ಟುಬಿಡುತ್ತದೆ, ಬೇಕು ಎಂದು ಬಾಯಿಬಿಟ್ಟು ಕೇಳಿದರೆ ಮಾತ್ರ ಮಾಡುತ್ತದೆ. ಲಾರಾವೆಲ್ ಕೂಡ ಟೆಸ್ಟ್ ನಡೆಯುವಾಗ ಆ ತಪಾಸಣೆ ಮಾಡುವುದಿಲ್ಲ.

ಇದನ್ನು ಮಾಡಿದವರು ಮೂರ್ಖರಲ್ಲ. ಬಡ್ಡಿ ಲೆಕ್ಕ ಸರಿ ಬರುತ್ತದೋ ಇಲ್ಲವೋ ನೋಡುವ ಪರೀಕ್ಷೆಗೆ ಪ್ರತಿ ಸಲ ಬಿಲ್ಲೆ ತರಿಸುವುದು ದಂಡ. ಒಳಗಿನ ಗೋಡೆ, ಮಾಡು ನೋಡುವಾಗ ಬಾಗಿಲು ತೆರೆದಿಟ್ಟರೆ ಕೆಲಸ ಬೇಗ ಆಗುತ್ತದೆ. ಒಪ್ಪಿದೆ. ಆದರೆ ನೂರು ಪರೀಕ್ಷೆ ಬಾಗಿಲು ತೆರೆದಿಟ್ಟು ಮಾಡಿದರೆ, ಒಂದಾದರೂ ಬಾಗಿಲು ಮುಚ್ಚಿ ಮಾಡಬೇಕಲ್ಲ? ಅದನ್ನು ಮಾಡುವವರು ಕಡಿಮೆ. ನೂರೂ ಹಸಿರು ಬಂತು ಎಂದು ಮ್ಯಾನೇಜರ್‌ಗೆ ತೋರಿಸುತ್ತಾರೆ. ಆ ಹಸಿರಿನಲ್ಲಿ ಕೀಲಿಯ ಬಗ್ಗೆ ಒಂದು ಅಕ್ಷರವೂ ಇಲ್ಲ. ಕೀಲಿ ಮುರಿದಿದ್ದರೂ ನೂರೂ ಹಸಿರೇ, ಕೀಲಿಯನ್ನೇ ಹಾಕದಿದ್ದರೂ ನೂರೂ ಹಸಿರೇ.

ನನ್ನ ಗೆಳೆಯನ ತಂಡ ಮಾಡಿದ್ದು ಇದಕ್ಕಿಂತ ಒಂದು ಹೆಜ್ಜೆ ಮುಂದಿನದು. ಅವರು ಲೋಡ್ ಟೆಸ್ಟ್ ಮಾಡುತ್ತಿದ್ದರು. ಒಂದೇ ಹೊತ್ತಿಗೆ ಸಾವಿರಾರು ಜನ ಬಂದರೆ ಸೈಟು ತಡೆಯುತ್ತದೋ ಇಲ್ಲವೋ ನೋಡುವ ಪರೀಕ್ಷೆ. ಅದು ಬೇಕೇ ಬೇಕು. ಹೊಸ ಯೋಜನೆ ಬಂದಾಗಲೆಲ್ಲ ಸರ್ವರ್ ಡೌನ್ ಎಂದು ಬಾಗಿಲಲ್ಲಿ ಕಾದು ಮನೆಗೆ ತಿರುಗಿದವರು ನಾವು. ಇದಕ್ಕೆ ಜೆಮೀಟರ್ ಎಂಬ ಉಪಕರಣ ಬಳಸುತ್ತಾರೆ. ಒಬ್ಬ ಮನುಷ್ಯ ಫಾರ್ಮ್ ತುಂಬಿದ್ದನ್ನು ಅದು ರೆಕಾರ್ಡ್ ಮಾಡಿಕೊಂಡು ಅದನ್ನೇ ಸಾವಿರ ಸಲ ಒಪ್ಪಿಸುತ್ತದೆ. ತೊಂದರೆ ಎಲ್ಲಿ ಬರುತ್ತದೆ ಎಂದರೆ, ರೆಕಾರ್ಡ್ ಆದದ್ದರಲ್ಲಿ ನಿನ್ನೆಯ ಬಿಲ್ಲೆ ಇದೆ. ಇವತ್ತು ಅದು ನಡೆಯುವುದಿಲ್ಲ. ಸಾವಿರಕ್ಕೆ ಸಾವಿರವೂ 403. ಅಂದರೆ ಕೀಲಿ ತನ್ನ ಕೆಲಸ ಸರಿಯಾಗಿ ಮಾಡುತ್ತಿದೆ! ಅದನ್ನು ನೋಡಿ ಖುಷಿಪಡುವ ಬದಲು ಕೀಲಿಯ ಮೇಲೆಯೇ ಸಿಟ್ಟು.

ಸರಿಯಾದ ದಾರಿ ಕಷ್ಟದ್ದೇನಲ್ಲ. ಮನುಷ್ಯ ಮಾಡುವಂತೆಯೇ ಯಂತ್ರವೂ ಮೊದಲು ಫಾರ್ಮಿನ ಪುಟ ತೆರೆಯಬೇಕು, ಕುಕಿ ಇಟ್ಟುಕೊಳ್ಳಬೇಕು, ಪುಟದೊಳಗೆ ಅಡಗಿದ ಟೋಕನ್ ಹೆಕ್ಕಿ ತೆಗೆಯಬೇಕು, ಆಮೇಲೆ ಅದನ್ನು ಸೇರಿಸಿ ಅರ್ಜಿ ಕಳಿಸಬೇಕು. ಜೆಮೀಟರ್‌ನಲ್ಲಿ ಇದಕ್ಕೆಂದೇ ಕುಕಿ ಮ್ಯಾನೇಜರ್ ಇದೆ, ಪುಟದಿಂದ ಬೇಕಾದ ತುಣುಕು ಹೆಕ್ಕುವ ಸಾಧನಗಳಿವೆ. ಕಲಿಯಲು ಒಂದು ಮಧ್ಯಾಹ್ನ ಸಾಕು ಎಂದು ಅದೇ ಗೆಳೆಯ ಒಪ್ಪಿಕೊಂಡ. ಆ ಮಧ್ಯಾಹ್ನ ಯಾರಿಗೂ ಸಿಗಲಿಲ್ಲ. ಜ್ಯಾಂಗೋದಲ್ಲಿ ಒಂದು ಫಾರ್ಮಿನ ತಲೆಯ ಮೇಲೆ "ಸಿಎಸ್‌ಆರ್‌ಎಫ್ ಎಕ್ಸೆಂಪ್ಟ್" ಎಂದು ಒಂದೇ ಸಾಲು ಬರೆದರೆ ಆ ಫಾರ್ಮಿಗೆ ಬಿಲ್ಲೆ ಮಾಫಿ. ಅದನ್ನು ಬರೆದರು. ಗಮನಿಸಿ, ಇದು ಟೆಸ್ಟ್ ಸೆಟ್ಟಿಂಗಿನ ಮಾತಲ್ಲ. ಈ ಸಾಲು ಅಸಲಿ ಕೋಡಿನಲ್ಲೇ ಇರುತ್ತದೆ. ಯಾರಾದರೂ ಅಳಿಸದಿದ್ದರೆ ನಿಮ್ಮ ಊರಿನವರೆಗೂ ಬರುತ್ತದೆ.

ತಪ್ಪು ಬರೀ ಹುಡುಗರದ್ದು ಎಂದು ನಾನು ಹೇಳುವುದಿಲ್ಲ. ಟೆಸ್ಟಿಂಗ್ ಎಂದರೆ "ಆಗುತ್ತದೆ" ಎಂದು ತೋರಿಸುವುದು ಎಂದಷ್ಟೇ ಅವರಿಗೆ ಕಲಿಸಿದ್ದೇವೆ. "ಆಗಬಾರದ್ದು ಆಗುವುದಿಲ್ಲ" ಎಂದು ತೋರಿಸುವುದು ಕೂಡ ಟೆಸ್ಟಿಂಗ್. ಕೋರ್ಸ್ ಫೀ ಕಟ್ಟಿಸಿಕೊಂಡು ಮೂರು ತಿಂಗಳಲ್ಲಿ ಟೆಸ್ಟರ್ ಮಾಡಿಬಿಡುತ್ತೇವೆ ಎಂಬ ಬೋರ್ಡುಗಳು ನಮ್ಮ ಅವಳಿ ನಗರದಲ್ಲಿ ಕಡಿಮೆಯಿಲ್ಲ. ಅಲ್ಲಿ ಕಲಿತ ಒಬ್ಬ ಹುಡುಗಿಯನ್ನು ಕೇಳಿದೆ, ಟೋಕನ್ ಇಲ್ಲದೆ ಅರ್ಜಿ ಕಳಿಸಿ ನೋಡಿದ್ದೀಯಾ ಎಂದು. "ಹಂಗ ಕಳಿಸಿದ್ರ ಫೇಲ್ ಆಗ್ತೈತಲ್ರೀ ಸರ, ಮತ್ತ್ಯಾಕ ಕಳಸೂದು?" ಎಂದಳು. ಫೇಲ್ ಆಗಲಿ ಎಂದೇ ಕಳಿಸುವುದು ತಂಗಿ. ಅದು ಫೇಲ್ ಆದರೆ ನಿನ್ನ ಪರೀಕ್ಷೆ ಪಾಸ್.

ಬರೀ ಒಮ್ಮೆ ಕಳಿಸಿದರೂ ಸಾಲದು. ಟೋಕನ್ ತಪ್ಪಾಗಿದ್ದರೆ ತಡೆಯುವ ಸೈಟು, ಟೋಕನ್ನಿನ ಜಾಗವನ್ನೇ ತೆಗೆದುಬಿಟ್ಟರೆ ಸುಮ್ಮನೆ ಒಳಗೆ ಬಿಟ್ಟುಕೊಳ್ಳುವುದುಂಟು. ಟಿಕೆಟ್ ತೋರಿಸಿದವನ ಟಿಕೆಟನ್ನು ಮಾತ್ರ ತಪಾಸಣೆ ಮಾಡಿ, ತೋರಿಸದವನನ್ನು ಕೇಳದೇ ಬಿಡುವ ಕಂಡಕ್ಟರ್ ಇದ್ದ ಹಾಗೆ. ಇನ್ನು ಕೆಲವು ಕಡೆ ಟೋಕನ್ ಅಸಲಿಯೋ ಎಂದು ನೋಡುತ್ತಾರೆ, ಯಾರದ್ದು ಎಂದು ನೋಡುವುದಿಲ್ಲ. ಕಳ್ಳ ತನ್ನದೇ ಖಾತೆಯಿಂದ ಲಾಗಿನ್ ಆಗಿ ತನಗೆ ಸಿಕ್ಕ ಬಿಲ್ಲೆಯನ್ನು ನಿಮ್ಮ ಆಳಿನ ಕೈಗೆ ಕೊಟ್ಟು ಕಳಿಸಿದರೂ ನಡೆದುಹೋಗುತ್ತದೆ. ಬಿಲ್ಲೆಯೇ ಇಲ್ಲದೆ, ಖೊಟ್ಟಿ ಬಿಲ್ಲೆಯಿಂದ, ಬೇರೆಯವನ ಬಿಲ್ಲೆಯಿಂದ, ಲಾಗೌಟ್ ಆದ ಮೇಲಿನ ಹಳೆಯ ಬಿಲ್ಲೆಯಿಂದ ಕಳಿಸಿ ನೋಡಬೇಕು. ಪ್ರತಿ ಫಾರ್ಮಿಗೂ. ಜ್ಯಾಂಗೋದಲ್ಲಿ ಟೆಸ್ಟ್ ಕ್ಲೈಂಟಿಗೆ ತಪಾಸಣೆ ಮಾಡು ಎಂದು ಹೇಳಲು ಒಂದು ಪದ ಸಾಕು. ರೈಲ್ಸ್‌ನಲ್ಲಿ ಆ "ಫಾಲ್ಸ್" ಅನ್ನು ಒಂದು ಪರೀಕ್ಷೆಯ ಮಟ್ಟಿಗೆ "ಟ್ರೂ" ಮಾಡಿ ಆಮೇಲೆ ಹಿಂದಿನಂತೆ ಇಟ್ಟರಾಯಿತು.

ಈ ಮಾತು ಎತ್ತಿದಾಗಲೆಲ್ಲ ತಿಳಿದವರು ಎರಡು ಉತ್ತರ ಕೊಡುತ್ತಾರೆ. ಮೊದಲನೆಯದು, ಇದು ಹಳೆಯ ರೋಗ, ಈಗ ಇಲ್ಲ ಎಂಬುದು. ವೆಬ್ ಭದ್ರತೆಯ ಅಪಾಯಗಳ ಪಟ್ಟಿ ಮಾಡುವ ಓವಾಸ್ಪ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2017ರಲ್ಲಿ ತನ್ನ ಹತ್ತರ ಪಟ್ಟಿಯಿಂದ ಇದನ್ನು ಕೈಬಿಟ್ಟದ್ದು ನಿಜ. ಏಕೆ ಬಿಟ್ಟರು? ಚೌಕಟ್ಟುಗಳಲ್ಲೇ ಕೀಲಿ ಬರುತ್ತದೆ, ಹಾಗಾಗಿ ಸುಮಾರು ಶೇ. 5ರಷ್ಟು ಅಪ್ಲಿಕೇಶನ್‌ಗಳಲ್ಲಿ ಮಾತ್ರ ಈ ದೋಷ ಕಂಡಿತು ಎಂದು. ಆ ಲೆಕ್ಕ ನಿಂತಿರುವುದೇ ಕೀಲಿ ಹಾಕಿದೆ ಎಂಬ ನಂಬಿಕೆಯ ಮೇಲೆ. ಬಿಚ್ಚಿ ಪಕ್ಕಕ್ಕಿಟ್ಟವರಿಗೆ ಆ ಲೆಕ್ಕ ಹೇಳುವ ಅಧಿಕಾರ ಇಲ್ಲ. 2021ರ ಪಟ್ಟಿಯಲ್ಲಿ ಇದೇ ದೋಷ ಪ್ರವೇಶ ನಿಯಂತ್ರಣ ಎಂಬ ಮೊದಲ ಸ್ಥಾನದ ಗುಂಪಿನೊಳಗೆ ಮತ್ತೆ ಬಂದು ಕೂತಿದೆ.

ಎರಡನೆಯದು, ಬ್ರೌಸರೇ ಈಗ ನೋಡಿಕೊಳ್ಳುತ್ತದೆ ಎಂಬುದು. ಇದರಲ್ಲಿ ಅರ್ಧ ಸತ್ಯ ಇದೆ. 2020ರ ಫೆಬ್ರುವರಿಯಲ್ಲಿ ಕ್ರೋಮ್ 80 ಬಂದಾಗಿನಿಂದ, ಬೇರೆ ಸೈಟಿನಿಂದ ಹೊರಟ ಅರ್ಜಿಯ ಜೊತೆ ಕುಕಿ ಕಳಿಸದಿರುವ ಪದ್ಧತಿ ಹಂತಹಂತವಾಗಿ ಬಂತು. ಆದರೆ ಎಲ್ಲ ಬ್ರೌಸರುಗಳೂ ಹಾಗೆ ಮಾಡುವುದಿಲ್ಲ. ಲಿಂಕ್ ಒತ್ತಿ ನೇರವಾಗಿ ತೆರೆಯುವ ಪುಟಕ್ಕೆ ಕುಕಿ ಈಗಲೂ ಹೋಗುತ್ತದೆ, ಹಾಗಾಗಿ ಬರೀ ಲಿಂಕ್ ಒತ್ತಿದರೆ ಏನಾದರೂ ಬದಲಾಗುವಂಥ ಸೈಟಿಗೆ ರಕ್ಷಣೆ ಇಲ್ಲ. ಎಲ್ಲಕ್ಕಿಂತ ನಮ್ಮ ರಾಜ್ಯಕ್ಕೆ ತಟ್ಟುವ ಮಾತು ಬೇರೆ ಇದೆ. ಬ್ರೌಸರ್ ಲೆಕ್ಕದಲ್ಲಿ "ಬೇರೆ ಸೈಟ್" ಎಂದರೆ ಬೇರೆ ಮನೆತನ. ವಿಳಾಸದ ಕೊನೆಗೆ ಕರ್ನಾಟಕ ಡಾಟ್ ಗೌ ಡಾಟ್ ಇನ್ ಎಂದಿರುವ ಇಲಾಖೆಗಳ ಸೈಟುಗಳೆಲ್ಲ ಅದಕ್ಕೆ ಒಂದೇ ಮನೆತನ. ಒಂದು ಇಲಾಖೆಯ ಮೂಲೆಯಲ್ಲಿ ಬಿದ್ದ, ಯಾರೂ ನೋಡಿಕೊಳ್ಳದ ಹಳೆಯ ಸೈಟನ್ನು ಯಾರಾದರೂ ಕೆಡಿಸಿದರೆ, ಅಲ್ಲಿಂದ ಇನ್ನೊಂದು ಇಲಾಖೆಗೆ ಹೊರಟ ಅರ್ಜಿಯನ್ನು ಬ್ರೌಸರ್ ಈ ನಿಯಮದ ಮೇಲೆ ತಡೆಯುವುದಿಲ್ಲ. ಅದನ್ನು ಹಿಡಿಯಲು ಇರುವುದು ಆ ಬಿಲ್ಲೆಯಂಥ ಕೀಲಿಯೇ. ಇಷ್ಟೊಂದು ಇಲಾಖೆಗಳು ಒಂದೇ ಮಾಡಿನ ಕೆಳಗೆ ಇರುವಾಗ ನಡುಮನೆಯ ಬಾಗಿಲಿಗೆ ಕೀಲಿ ಬೇಡವೇ?

ಇದು ಊಹೆಯ ಭೂತವಲ್ಲ. 2008ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿಲಿಯಂ ಝೆಲ್ಲರ್ ಮತ್ತು ಎಡ್ವರ್ಡ್ ಫೆಲ್ಟನ್ ಇದನ್ನು ತೋರಿಸಿಕೊಟ್ಟರು. ಐಎನ್‌ಜಿ ಡೈರೆಕ್ಟ್ ಎಂಬ ಬ್ಯಾಂಕಿನ ಗ್ರಾಹಕ ಲಾಗಿನ್ ಆಗಿರುವಾಗ ಬೇರೊಂದು ಪುಟ ತೆರೆದರೆ ಸಾಕು, ಅವನ ಖಾತೆಯಿಂದ ಕಳ್ಳನ ಖಾತೆಗೆ ಹಣ ವರ್ಗಾಯಿಸಲು ಬರುತ್ತಿತ್ತು. ಬ್ಯಾಂಕಿಗೆ ತಿಳಿಸಿದರು, ಸರಿಪಡಿಸಿದರು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸೈಟಿನಲ್ಲೂ ಇದೇ ದೋಷದಿಂದ ಓದುಗರ ಇಮೇಲ್ ವಿಳಾಸ ಸೋರುತ್ತಿತ್ತು. ತಿಳಿಸಿ ಸುಮಾರು ಒಂದು ವರ್ಷವಾದ ಮೇಲೆ ಅವರು ಸರಿಪಡಿಸಿದ್ದು. ನಮ್ಮ ವೃತ್ತಿಯವರೇ, ಏನು ಹೇಳೋಣ.

ನಮ್ಮಲ್ಲಿ ಟೋಕನ್ ಇಲ್ಲದ್ದರಿಂದಲೇ ಹಣ ಹೋಯಿತು ಎಂಬ ಪ್ರಕರಣ ಹಿಡಿದು ನಾನು ಬಂದಿಲ್ಲ. ಆದರೆ ಇಂಥ "ಕಂಪ್ಯೂಟರ್ ವಿಷಯ" ಎಲ್ಲಿಗೆ ಬಂದು ಮುಟ್ಟುತ್ತದೆ ಎಂಬುದನ್ನು ಕರ್ನಾಟಕ ನೋಡಿದೆ. 2019ರಲ್ಲಿ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ಗೆ ನುಗ್ಗಿ ಗುತ್ತಿಗೆದಾರರ ಟೆಂಡರ್ ಠೇವಣಿಯ ಸುಮಾರು 11.5 ಕೋಟಿ ರೂಪಾಯಿ ಎತ್ತಿಕೊಂಡು ಹೋದರು, ಸಿಐಡಿ ತನಿಖೆಯಾಯಿತು. 2023ರಲ್ಲಿ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚುಗಳನ್ನು ಕದ್ದು ಆಧಾರ್ ಜೋಡಣೆಯ ಖಾತೆಗಳಿಂದ ಹಣ ತೆಗೆದರು. ಒಟಿಪಿ ಬರಲಿಲ್ಲ, ಕರೆ ಬರಲಿಲ್ಲ, ಖಾತೆ ಖಾಲಿ. ಆಮೇಲೆ ಪತ್ರಗಳ ಮೇಲಿನ ಬೆರಳಚ್ಚು ಮರೆಮಾಡುವ ಕೆಲಸವಾಯಿತು. ಜಮೀನು ಮಾರಿದ ಮುದುಕನಿಗೆ ತನ್ನ ಹೆಬ್ಬೆಟ್ಟು ಇಂಟರ್ನೆಟ್ಟಿನಲ್ಲಿ ಓಡಾಡುತ್ತಿದೆ ಎಂದು ಯಾರು ಹೇಳಿದ್ದರು? ಅದೂ ಒಂದು ಕಾಲಕ್ಕೆ ಯಾರದೋ ಸಣ್ಣ "ನೋಡಿಕೊಂಡಿರಬೇಕು ತಗೋ" ಆಗಿತ್ತು.

ಆಡಿಟ್ ಸರ್ಟಿಫಿಕೇಟ್ ಇದೆ ಎಂದು ಬಾಯಿ ಮುಚ್ಚಿಸುತ್ತಾರೆ. ಸರ್ಕಾರಿ ಸೈಟುಗಳನ್ನು ಸರ್ಟ್-ಇನ್ ಮಾನ್ಯತೆಯ ಆಡಿಟರ್‌ಗಳಿಂದ ತಪಾಸಣೆ ಮಾಡಿಸುವ ಪದ್ಧತಿ ಇದೆ, ಅದು ಬೇಕು ಕೂಡ. ಆದರೆ ಆಡಿಟ್ ಆದದ್ದು ಆ ದಿನದ ಕೋಡಿಗೆ. ಮರುವಾರ ಲೋಡ್ ಟೆಸ್ಟಿಗೆಂದು ಒಂದು ಸಾಲು ಸೇರಿದರೆ ಸರ್ಟಿಫಿಕೇಟ್ ಗೋಡೆಯ ಮೇಲೆ ಹಾಗೇ ನಗುತ್ತಿರುತ್ತದೆ. ಹುಬ್ಬಳ್ಳಿಯ ಗ್ಯಾರೇಜಿನವನು ಬ್ರೇಕ್ ಬಿಚ್ಚಿ ಎಂಜಿನ್ ರಿಪೇರಿ ಮಾಡಿದರೆ, ಗಾಡಿ ಕೊಡುವ ಮೊದಲು ತಾನೇ ಒಂದು ಸುತ್ತು ಓಡಿಸಿ ಬ್ರೇಕ್ ಹಿಡಿದು ನೋಡುತ್ತಾನೆ. ಅಷ್ಟನ್ನೇ ಕೇಳುತ್ತಿರುವುದು.

ಹಾಗಾಗಿ ಸೊಸೈಟಿ ನಿರ್ದೇಶಕರಿಗೆ, ಪಂಚಾಯ್ತಿ ಸದಸ್ಯರಿಗೆ, ಸಂಘದ ಕಾರ್ಯದರ್ಶಿಗಳಿಗೆ ನೇರವಾಗಿ ಹೇಳುತ್ತೇನೆ. ನಿಮಗೆ ಯಾರಾದರೂ ವೆಬ್‌ಸೈಟ್ ಮಾಡಿ ಕೊಡುತ್ತಿದ್ದರೆ ಕೊನೆಯ ಕಂತಿನ ಚೆಕ್ಕಿಗೆ ಸಹಿ ಹಾಕುವ ಮೊದಲು ಅವರನ್ನು ಎದುರಿಗೆ ಕೂಡಿಸಿಕೊಳ್ಳಿ. ಹಣ, ಖಾತೆ ಸಂಖ್ಯೆ, ಮೊಬೈಲ್ ನಂಬರ್ ಬದಲಾಗುವ ಪ್ರತಿ ಫಾರ್ಮನ್ನೂ ಟೋಕನ್ ಇಲ್ಲದೆ ಕಳಿಸಿ ತೋರಿಸಿ ಎನ್ನಿ. ತಡೆದರೆ ಸರಿ. ಟೋಕನ್ ಮಾಫಿ ಮಾಡಿದ ಫಾರ್ಮುಗಳ ಪಟ್ಟಿಯನ್ನು ಬರವಣಿಗೆಯಲ್ಲಿ ಕೇಳಿ, ಪ್ರತಿಯೊಂದಕ್ಕೂ ಕಾರಣ ಬರೆಸಿಕೊಳ್ಳಿ. ಕೆಲವಕ್ಕೆ ನಿಜವಾದ ಕಾರಣ ಇರುತ್ತದೆ, ಉದಾಹರಣೆಗೆ ಬ್ಯಾಂಕಿನ ಯಂತ್ರ ನೇರವಾಗಿ ಬಂದು ಹಣ ಜಮಾ ಆಯಿತು ಎಂದು ತಿಳಿಸುವ ಜಾಗ. ಅಲ್ಲಿ ಬೇರೆ ತರಹದ ಗುರುತು ಇರಬೇಕು. ಈ ಪ್ರಶ್ನೆಗೆ ಇಂಗ್ಲಿಷ್ ಬೇಕಿಲ್ಲ, ಕಂಪ್ಯೂಟರ್ ಡಿಗ್ರಿ ಬೇಕಿಲ್ಲ.

ಒಂದು ಎಚ್ಚರಿಕೆ, ಇದನ್ನು ಓದಿ ಹುರುಪಿನಿಂದ ಕೂತ ಡಿಪ್ಲೊಮಾ ಹುಡುಗರಿಗೆ. ಬೇರೆಯವರ ಸೈಟಿನ ಮೇಲೆ, ಅವರ ಅನುಮತಿ ಇಲ್ಲದೆ, ಇದನ್ನು ಮಾಡಿ ನೋಡಬೇಡಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮುಗಳಲ್ಲಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಇದೆ. ದೋಷ ಕಣ್ಣಿಗೆ ಬಿದ್ದರೆ ಸರ್ಟ್-ಇನ್‌ಗೆ ತಿಳಿಸುವ ದಾರಿ ಇದೆ. ಹಣವೇ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಹಚ್ಚಿ.

ಗೆಳೆಯನ ಕಥೆ ಉಳಿಯಿತು. ಚಹಾ ಅಂಗಡಿಯಲ್ಲಿ ನಾನು ಸ್ವಲ್ಪ ಜೋರಾಗಿಯೇ ಮಾತಾಡಿದ್ದೆ, ಅವನಿಗೆ ಸಿಟ್ಟು ಬಂದಿತ್ತು. ನಾಲ್ಕು ದಿನ ಬಿಟ್ಟು ರಾತ್ರಿ ಫೋನ್ ಮಾಡಿದ. ಎಲ್ಲ ಫಾರ್ಮುಗಳನ್ನೂ ಟೋಕನ್ ಇಲ್ಲದೆ ಕಳಿಸಿ ನೋಡಿದನಂತೆ. ಉಳಿದವು ತಡೆದವು, ಒಂದು ತಡೆಯಲಿಲ್ಲ.

"ಯಾವುದು?"

"ಮೊಬೈಲ್ ನಂಬರ್ ಬದಲಿ ಮಾಡೂದು."

ಒಟಿಪಿ ಹೋಗುವುದು ಆ ನಂಬರಿಗೇ. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಸರಿ ಮಾಡಲು ಎಷ್ಟು ದಿನ ಬೇಕು ಎಂದು ಕೇಳಿದೆ.

"ಮಾಡಿದೆ. ಒಂದ ಸಾಲಲೇ, ಅಳಸಿದೆ ಅಷ್ಟ. ಎಂಟು ತಿಂಗಳಿಂದ ಅಲ್ಲೇ ಇತ್ತದು."